ಬಂಗಾರದ ಮೊನೆಯ ಸೂಜಿಗಳು

ಹಲ್ಲಿನ ವೈದ್ಯರ ಹೊರಕೋಣೆಯಲ್ಲೋ ದೊಡ್ಡ ಊರಿನ ಹೋಟಲಿನ ಮೊಗಸಾಲೆಯಲ್ಲೋ ಸರದಿಗಾಗಿ ಕಾಯುತ್ತ ಕುಳಿತಾಗ, ಎದುರಿನ ಮೇಜಿನ ಮೇಲಿದ್ದ ನುಣುಪು ಕಾಗದದ ದಪ್ಪ ಪತ್ರಿಕೆಯೊಂದನ್ನು ನೀವೂ ಎಂದಾದರೂ ಕೈಗೆತ್ತಿಕೊಂಡಿರಬೇಕು. ತೆರೆದರೆ ಮೊದಲ ಹತ್ತಾರು ಪುಟ ಬರಿಯ ಜಾಹೀರಾತು. ಆಮೇಲೆ ಸರೋವರದ ದಂಡೆಯ ಮೇಲೊಂದು ಮನೆ. ಆ ಮನೆಯ ಬಿಳಿಯ ಗೋಡೆ, ಗೋಡೆಗೊಂದೇ ಚಿತ್ರ. ಮಗುಚಿದರೆ ಕೈಗಡಿಯಾರ, ಮುತ್ತಿನ ಹಾರ, ಸುಗಂಧದ್ರವ್ಯದ ಸೀಸೆ. ಬೆಲೆ ಎಷ್ಟೆಂದು ಹುಡುಕಿದರೆ ಅನೇಕ ಕಡೆ ಅದು ಇಲ್ಲವೇ ಇಲ್ಲ. ಬೇಕಾದವರು ವಿಚಾರಿಸಿ ತಿಳಿಯಬಹುದೆಂಬ ಸೂಚನೆ ಮಾತ್ರ. ಇವುಗಳಲ್ಲಿ ಒಂದನ್ನೂ ನಾವು ಕೊಳ್ಳುವವರಲ್ಲ. ಆದರೂ ಒಂದೊಂದೇ ಪುಟವನ್ನು ತಿರುವುತ್ತ ಹೋಗುತ್ತೇವೆ. ಒಳಗಿನಿಂದ ಹೆಸರು ಕರೆದಾಗ, ಅರ್ಧಕ್ಕೇ ಬಿಡಬೇಕಾಯಿತಲ್ಲಾ ಎಂದು ಕೊಂಚ ಬೇಸರವೂ ಆಗುತ್ತದೆ.

ಕೊಳ್ಳಲಾರದವನಿಗೆ ಈ ಪತ್ರಿಕೆಯ ಮೇಲೆ ಇಷ್ಟು ಮೋಹವೇಕೆ? ಕೊಳ್ಳಲಾರದವನಿಂದ ಪತ್ರಿಕೆಗೆ ತಾನೇ ಏನು ಲಾಭ? ಈ ಪ್ರಶ್ನೆಗಳು ಸಣ್ಣವೆಂದು ಕಾಣಬಹುದು. ಆದರೆ ಇವುಗಳ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಆ ಇತಿಹಾಸ ಬಹುಮಟ್ಟಿಗೆ ಒಂದೇ ನಗರದಲ್ಲಿ, ಬಲು ಲೆಕ್ಕಾಚಾರದ ಕೆಲವು ಜನರಿಂದ ನಡೆಯಿತು. ಅದನ್ನು ಸ್ವಲ್ಪ ಹಿಂದಿನಿಂದ ನೋಡೋಣ.

ಆ ನಗರ ಅಮೆರಿಕದ ನ್ಯೂಯಾರ್ಕ್. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ರೈಲುದಾರಿ, ಉಕ್ಕು, ನಿವೇಶನ ಇವುಗಳಿಂದ ಅಪಾರ ಹಣ ಮಾಡಿದ ಕುಟುಂಬಗಳು ತಲೆಯೆತ್ತಿದವು. ಹಣವೇನೋ ಬಂತು, ಆದರೆ ರಾಜರಿಲ್ಲದ, ಬಿರುದುಬಾವಲಿಗಳಿಲ್ಲದ ದೇಶದಲ್ಲಿ ಯಾರು ದೊಡ್ಡವರು, ಯಾರು ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರು ಎಂದು ಹೇಳುವವರು ಯಾರು? ಈ ಕೆಲಸವನ್ನು ಪತ್ರಿಕೆಗಳು ವಹಿಸಿಕೊಂಡವು. 1846ರಲ್ಲಿ ನಥಾನಿಯಲ್ ಪಾರ್ಕರ್ ವಿಲಿಸ್ ಮತ್ತು ಜಾರ್ಜ್ ಪೋಪ್ ಮಾರಿಸ್ ಎಂಬಿಬ್ಬರು ಆರಂಭಿಸಿದ ವಾರಪತ್ರಿಕೆಯೊಂದು 'ಹೋಮ್ ಜರ್ನಲ್' ಎಂಬ ಹೆಸರಿನಿಂದ ನಡೆದು, 1901ರಲ್ಲಿ 'ಟೌನ್ ಅಂಡ್ ಕಂಟ್ರಿ' ಎಂದು ಹೆಸರು ಬದಲಿಸಿಕೊಂಡಿತು. ನಗರದ 'ಮೇಲಿನ ಹತ್ತು ಸಾವಿರ' ಜನ ಎಂಬ ಮಾತನ್ನು ಬಳಕೆಗೆ ತಂದವನೂ ಈ ವಿಲಿಸನೇ. ಐವತ್ತು ವರ್ಷ ಕಳೆಯುವುದರೊಳಗೆ ಹತ್ತು ಸಾವಿರವೂ ಹೆಚ್ಚೆನಿಸಿತು. 1892ರಲ್ಲಿ ವಾರ್ಡ್ ಮೆಕ್‌ಅಲಿಸ್ಟರ್ ಎಂಬ ಸಮಾಜದ ಯಜಮಾನ ನ್ಯೂಯಾರ್ಕಿನ ಗಣ್ಯರೆಂದರೆ ಕೇವಲ 'ನಾನೂರು' ಮಂದಿ ಎಂದು ಸಾರಿ, ಅವರ ಪಟ್ಟಿಯನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿದ. ಎಣಿಸಿ ನೋಡಿದರೆ ಆ ಪಟ್ಟಿಯಲ್ಲಿ ನಾನೂರು ಹೆಸರುಗಳೂ ಇರಲಿಲ್ಲ.

ಅದೇ 1892ರ ಡಿಸೆಂಬರ್ 17ರಂದು 'ವೋಗ್' ಎಂಬ ವಾರಪತ್ರಿಕೆ ಹೊರಟಿತು. ಸ್ಥಾಪಕ ಆರ್ಥರ್ ಟರ್ನ್ಯೂರ್. ಬಿಡಿಪ್ರತಿಯ ಬೆಲೆ ಹತ್ತು ಸೆಂಟು. ಮೇಲ್ವರ್ಗದವರೇ ಹಣ ಹಾಕಿ, ಮೇಲ್ವರ್ಗದವರ ನಡೆನುಡಿ, ಉಡುಗೆ, ಔತಣ, ನಾಟ್ಯಕೂಟಗಳನ್ನು ಕುರಿತು ಬರೆಸಿ, ತಾವೇ ಓದಿಕೊಳ್ಳುವ ಪತ್ರಿಕೆ ಅದು. ಮನೆಯವರೇ ನಾಟಕವಾಡಿ ಮನೆಯವರೇ ನೋಡಿದಂತೆ ಎನ್ನಬಹುದು. ಹೀಗೆಯೇ ಮುಂದುವರಿದಿದ್ದರೆ ನಾವಿಂದು ಅದನ್ನು ನೆನೆಯಬೇಕಾದ ಕಾರಣವಿರಲಿಲ್ಲ. 1909ರಲ್ಲಿ ಅದನ್ನು ಕೊಂಡುಕೊಂಡ ಒಬ್ಬ ಮನುಷ್ಯನಿಂದ ಕಥೆ ಬೇರೆಯಾಯಿತು.

ಆತನ ಹೆಸರು ಕಾಂಡೆ ನಾಸ್ಟ್. 1873ರಲ್ಲಿ ಹುಟ್ಟಿ ಸೇಂಟ್ ಲೂಯಿಸ್ ಪಟ್ಟಣದಲ್ಲಿ ಬೆಳೆದವನು. 'ಕಾಲಿಯರ್ಸ್' ಎಂಬ ಜನಪ್ರಿಯ ವಾರಪತ್ರಿಕೆಯಲ್ಲಿ ಜಾಹೀರಾತಿನ ವಿಭಾಗವನ್ನು ನೋಡಿಕೊಳ್ಳುತ್ತಿದ್ದ. ಬರಹಗಾರನಲ್ಲ, ಕಲಾವಿದನಲ್ಲ, ಲೆಕ್ಕದ ಮನುಷ್ಯ. ಆ ಕಾಲದ ಪತ್ರಿಕೆಗಳೆಲ್ಲ ಹೆಚ್ಚು ಹೆಚ್ಚು ಓದುಗರನ್ನು ಸೇರಿಸುವ ಹಟದಲ್ಲಿದ್ದಾಗ, ನಾಸ್ಟ್ ಅದಕ್ಕೆ ತಿರುಗಾಮುರುಗಾ ಯೋಚಿಸಿದ. ಎರಡು ಕುದುರೆ ಕಟ್ಟುವ ಸಾರೋಟನ್ನೋ ವಜ್ರದ ಬಳೆಯನ್ನೋ ಮಾರುವ ವರ್ತಕನಿಗೆ ಲಕ್ಷಾಂತರ ಓದುಗರಿಂದ ಪ್ರಯೋಜನವೇನು? ಅವರಲ್ಲಿ ಕೊಳ್ಳಬಲ್ಲವರು ಕೆಲವೇ ಸಾವಿರ ಮಂದಿ. ಆ ಕೆಲವರನ್ನು ತಲುಪಲು ಎಲ್ಲರ ಲೆಕ್ಕದಲ್ಲಿ ಹಣ ತೆರಬೇಕು. ಇದಕ್ಕೆ ನಾಸ್ಟ್ ಒಂದು ಉಪಮೆ ಕೊಡುತ್ತಿದ್ದ. ಒಂದು ತಟ್ಟೆಯಲ್ಲಿ ಇಪ್ಪತ್ತು ಲಕ್ಷ ಸೂಜಿಗಳಿವೆ. ಅವುಗಳಲ್ಲಿ ಒಂದೂವರೆ ಲಕ್ಷಕ್ಕೆ ಮಾತ್ರ ಬಂಗಾರದ ಮೊನೆ. ಒಂದೊಂದನ್ನೇ ಆರಿಸುತ್ತ ಕುಳಿತರೆ ಜನ್ಮ ಸಾಲದು. ಆದರೆ ಬಂಗಾರದ ಮೊನೆಯವನ್ನು ಮಾತ್ರ ಸೆಳೆಯುವ ಅಯಸ್ಕಾಂತವೊಂದು ಸಿಕ್ಕಿದರೆ? ಆ ಅಯಸ್ಕಾಂತವೇ ತನ್ನ ಪತ್ರಿಕೆ ಎಂದು ಆತನ ಅಭಿಪ್ರಾಯ.

ರೇಡಿಯೊ ಕೇಳುವ ನಮಗೆ ಇದು ತಿಳಿಯದ ಸಂಗತಿಯಲ್ಲ. 1952ರಲ್ಲಿ ಸಿಲೋನ್ ರೇಡಿಯೊದಿಂದ ಬಿನಾಕಾ ಗೀತಮಾಲೆ ಆರಂಭವಾದಾಗ, ಹಾಡು ಕೇಳಲು ನಾವಾರೂ ಕಾಸು ಕೊಡಲಿಲ್ಲ. ಹಲ್ಲುಜ್ಜುವ ಪೇಸ್ಟಿನವರು ಕೊಟ್ಟರು. ನಾವು ಹಾಡನ್ನು ಕೇಳಿದೆವು, ಅವರು ನಮ್ಮ ಕಿವಿಗಳನ್ನು ಪಡೆದರು. ಆದರೆ ಹಲ್ಲು ಎಲ್ಲರಿಗೂ ಇರುವುದರಿಂದ ಪೇಸ್ಟಿನವರಿಗೆ ಎಲ್ಲರ ಕಿವಿಯೂ ಬೇಕಾಗಿತ್ತು. ವಜ್ರದ ವರ್ತಕನಿಗೆ ಬೇಕಾದದ್ದು ಆರಿಸಿದ ಕಣ್ಣುಗಳು. ನಾಸ್ಟ್ ಕೊಂಡಾಗ ವೋಗ್ ಪತ್ರಿಕೆಯ ಪ್ರಸಾರ ಹದಿನಾಲ್ಕು ಸಾವಿರದ ಆಸುಪಾಸಿನಲ್ಲಿತ್ತು. ಬೇರೆಯವರು ಅದನ್ನು ಕೊರತೆಯೆಂದಾರು. ಆತ ಅದನ್ನೇ ಸರಕು ಮಾಡಿಕೊಂಡ. ಓದುಗರು ಕಡಮೆ, ಆದರೆ ಅವರ ಕೈಚೀಲ ದೊಡ್ಡದು. ಆದ್ದರಿಂದ ನಮ್ಮ ಪುಟದ ದರ ಹೆಚ್ಚು ಎಂದು ಜಾಹೀರಾತುಗಾರರಿಗೆ ಹೇಳಿದ. 1913ರಲ್ಲಿ ಇಂಥ ವರ್ಗಪತ್ರಿಕೆಗಳ ತತ್ತ್ವವನ್ನು ವಿವರಿಸಿ ಲೇಖನವನ್ನೂ ಬರೆದ. ಗಮನಿಸಿ: ಈ ವ್ಯಾಪಾರದಲ್ಲಿ ಪತ್ರಿಕೆ ಓದುಗನಿಗೆ ಮಾರಾಟವಾಗುವುದು ಎರಡನೆಯ ಮಾತು, ಓದುಗನೇ ಜಾಹೀರಾತುಗಾರನಿಗೆ ಮಾರಾಟವಾಗುವುದು ಮೊದಲನೆಯದು.

ಹಾಗಾದರೆ ಉಳಿದ ಸೂಜಿಗಳ ಗತಿಯೇನು? ಇಲ್ಲಿಯೇ ಆತನ ಜಾಣತನ. ವೋಗ್ ಪತ್ರಿಕೆ 1899ರಿಂದಲೇ ಉಡುಪಿನ ಕಾಗದದ ನಮೂನೆಗಳನ್ನು ಅಂಚೆಯ ಮೂಲಕ ಮಾರುತ್ತಿತ್ತು. ಐವತ್ತು ಸೆಂಟು ಕಳುಹಿಸಿದರೆ, ಚಿತ್ರದಲ್ಲಿ ಶ್ರೀಮಂತ ಮಹಿಳೆ ತೊಟ್ಟಂಥ ಅಂಗಿಯನ್ನು ಕತ್ತರಿಸುವ ಕಾಗದದ ಅಳತೆ ಮನೆಗೆ ಬರುತ್ತಿತ್ತು. ಬಟ್ಟೆ ತಂದು ಮನೆಯ ಹೊಲಿಗೆಯಂತ್ರದ ಮುಂದೆ ಕುಳಿತರೆ ಮುಗಿಯಿತು. ಸಣ್ಣ ಊರಿನ ಶಿಕ್ಷಕನ ಹೆಂಡತಿಯೂ ಗುಮಾಸ್ತೆಯ ಮಗಳೂ ಹೀಗೆ ಆ ಜಗತ್ತಿನ ಹೊಸ್ತಿಲವರೆಗೆ ಬರಬಹುದಾಗಿತ್ತು. ಈ ನಮೂನೆಗಳ ಮಾರಾಟ ಎಷ್ಟು ಬೆಳೆಯಿತೆಂದರೆ, 1914ರಲ್ಲಿ ಅದಕ್ಕೆಂದೇ ಬೇರೆ ಕಂಪನಿ ಏರ್ಪಟ್ಟಿತು. ಹೀಗೆ ಮೇಲಿನವರ ಚಿತ್ರ, ಕೆಳಗಿನವರ ಆಸೆ ಎರಡೂ ಒಂದೇ ಹೊದಿಕೆಯೊಳಗೆ ಸೇರಿಕೊಂಡವು. ಮೇಲಿನವರು ಅಲ್ಲಿ ಕಾಣಿಸಿಕೊಳ್ಳಲು ಬಯಸಿದರು. ಕೆಳಗಿನವರು ಕಾಣಲು ಬಯಸಿದರು. ನೋಡುವವರಿಲ್ಲದಿದ್ದರೆ ಕಾಣಿಸಿಕೊಳ್ಳುವುದರಲ್ಲಿ ಸೊಗಸೇನು? ಜಾತ್ರೆಯಲ್ಲಿ ತೇರು ಎಳೆಯುವವರಷ್ಟೇ ದಾರಿಯ ಬದಿಯಲ್ಲಿ ನಿಂತು ನೋಡುವವರೂ ಬೇಕು.

ಪತ್ರಿಕೆಯ ಸಂಪಾದಕಿಯ ಬಾಳೇ ಇದಕ್ಕೆ ಸಾಕ್ಷಿ. ಎಡ್ನಾ ವುಲ್ಮನ್ ಚೇಸ್ ಎಂಬಾಕೆ ಸರಳಜೀವನವನ್ನೇ ಧರ್ಮವೆಂದು ಭಾವಿಸುವ ಕ್ವೇಕರ್ ಪಂಥದ ಅಜ್ಜಅಜ್ಜಿಯರ ಮನೆಯಲ್ಲಿ ಬೆಳೆದವಳು. 1895ರಲ್ಲಿ ಲಕೋಟೆಗಳ ಮೇಲೆ ವಿಳಾಸ ಬರೆಯುವ ಕೆಲಸಕ್ಕೆ ವೋಗ್ ಕಚೇರಿಗೆ ಸೇರಿದಳು. 1914ರಲ್ಲಿ ಸಂಪಾದಕಿಯಾಗಿ 1952ರವರೆಗೂ ಆ ಪೀಠದಲ್ಲಿದ್ದಳು. ಆ ಸಿರಿಯ ಜಗತ್ತಿಗೆ ಹೊರಗಿನಿಂದ ಬಂದವಳಾದ್ದರಿಂದಲೇ, ಹೊರಗೆ ನಿಂತವರ ಕಣ್ಣಿಗೆ ಅದು ಹೇಗೆ ಕಂಡರೆ ಚೆನ್ನ ಎಂಬುದು ಆಕೆಗೆ ತಿಳಿದಿತ್ತೆಂದು ತೋರುತ್ತದೆ.

ಇನ್ನು ಸಿರಿತನವನ್ನು ಚಿತ್ರಿಸುವ ಕ್ರಮವನ್ನು ನೋಡಿ. 1923ರಲ್ಲಿ ನಾಸ್ಟ್ ಎಡ್ವರ್ಡ್ ಸ್ಟೈಕನ್ ಎಂಬ ಪ್ರಸಿದ್ಧ ಛಾಯಾಚಿತ್ರಗಾರನನ್ನು ನೇಮಿಸಿಕೊಂಡ. ಅದುವರೆಗಿನ ಚಿತ್ರಗಳಲ್ಲಿ ಪರದೆ, ಹೂದಾನಿ, ಮಬ್ಬು ಬೆಳಕು ತುಂಬಿರುತ್ತಿದ್ದವು. ಸ್ಟೈಕನ್ ಅವುಗಳನ್ನೆಲ್ಲ ತೆಗೆದುಹಾಕಿ, ನೇರವಾದ ಗೆರೆ, ಸ್ಪಷ್ಟವಾದ ಬೆಳಕು, ಬರಿದಾದ ಗೋಡೆಗಳನ್ನು ತಂದ. 1932ರ ಜುಲೈ ಸಂಚಿಕೆಗೆ ಆತ ತೆಗೆದ ಈಜುಡುಗೆಯ ತರುಣಿಯ ಚಿತ್ರವೇ ಆ ಪತ್ರಿಕೆಯ ಮೊದಲ ವರ್ಣಛಾಯಾಚಿತ್ರದ ಮುಖಪುಟ. ಹಳೆಯ ಕಾಲದ ಶ್ರೀಮಂತಿಕೆ ಎಂದರೆ ತುಂಬಿದ ಕೊಠಡಿ; ಈ ಹೊಸ ಶ್ರೀಮಂತಿಕೆ ಎಂದರೆ ಖಾಲಿ ಜಾಗ. ನಮ್ಮ ನಿಮ್ಮ ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಹಾಸಿಗೆಯ ಸುರುಳಿ, ಮಕ್ಕಳ ಪುಸ್ತಕ, ಅಕ್ಕಿಯ ಡಬ್ಬಿ, ರೇಡಿಯೊ ಎಲ್ಲ ಇರುತ್ತವಷ್ಟೆ. ಬದುಕುವ ಮನೆ ಎಂದರೆ ಹಾಗೆಯೇ. ಪತ್ರಿಕೆಯ ಮನೆಯಲ್ಲಿ ಒಲೆಯ ಹೊಗೆಯಿಲ್ಲ, ಒಣಗಲು ಹಾಕಿದ ಬಟ್ಟೆಯಿಲ್ಲ, ಕೆಮ್ಮುವ ಮುದುಕರಿಲ್ಲ. ಮುಖ್ಯವಾಗಿ, ಆ ನೆಲವನ್ನು ಒರೆಸಿದವಳು ಇಲ್ಲ. ಬೆಳ್ಳಿಯ ಪಾತ್ರೆ ಹೊಳೆಯುತ್ತದೆ, ಉಜ್ಜಿದ ಕೈ ಕಾಣುವುದಿಲ್ಲ. ಹಣ ತಾನಾಗಿ ಇರುತ್ತದೆ. ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ಆ ಪುಟದಲ್ಲಿ ಹುಟ್ಟುವುದೇ ಇಲ್ಲ.

ಹಣ ಎಲ್ಲಿಂದ ಬರುತ್ತದೆ ಎಂಬುದನ್ನೇ ವಿಷಯವಾಗಿ ಮಾಡಿಕೊಂಡು ಹೊರಟ ಪತ್ರಿಕೆಯೂ ಒಂದಿತ್ತು. ಅದು ಹೆನ್ರಿ ಲೂಸ್ ಆರಂಭಿಸಿದ 'ಫಾರ್ಚೂನ್'. ಮೊದಲ ಸಂಚಿಕೆ 1930ರ ಫೆಬ್ರವರಿಯಲ್ಲಿ, ಎಂದರೆ 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಮುರಿದುಬಿದ್ದ ನಾಲ್ಕನೆಯ ತಿಂಗಳಿನಲ್ಲಿ ಬಂತು. ದಪ್ಪ ಕಾಗದ, ದೊಡ್ಡ ಆಕಾರ; ಬಿಡಿಪ್ರತಿಯ ಬೆಲೆ ಒಂದು ಡಾಲರು! ಕೆಲವೇ ಸೆಂಟುಗಳಿಗೆ ಪತ್ರಿಕೆ ಸಿಗುತ್ತಿದ್ದ ಕಾಲವದು. ಕಾರ್ಖಾನೆ, ಯಂತ್ರ, ಕುಲುಮೆಗಳನ್ನು ದೇವಾಲಯಗಳಂತೆ ತೋರಿಸುವ ಚಿತ್ರಗಳನ್ನು ಅದಕ್ಕಾಗಿ ತೆಗೆದವಳು ಮಾರ್ಗರೆಟ್ ಬೂರ್ಕ್‌ವೈಟ್. ಮುಂದೆ 1946ರಲ್ಲಿ 'ಲೈಫ್' ಪತ್ರಿಕೆಗಾಗಿ ನಮ್ಮ ದೇಶಕ್ಕೆ ಬಂದು, ಚರಖದ ಬಳಿ ಕುಳಿತ ಗಾಂಧೀಜಿಯವರ ಚಿತ್ರವನ್ನು ತೆಗೆದವಳೂ ಈಕೆಯೇ.

1936ರ ಬೇಸಗೆಯಲ್ಲಿ ಫಾರ್ಚೂನ್ ಪತ್ರಿಕೆ ಜೇಮ್ಸ್ ಏಜೀ ಎಂಬ ಬರಹಗಾರನನ್ನೂ ವಾಕರ್ ಇವಾನ್ಸ್ ಎಂಬ ಛಾಯಾಚಿತ್ರಗಾರನನ್ನೂ ಅಲಬಾಮ ರಾಜ್ಯಕ್ಕೆ ಕಳುಹಿಸಿತು. ಹತ್ತಿ ಬೆಳೆಯುವ ಗೇಣಿದಾರರ ಸ್ಥಿತಿಗತಿಯನ್ನು ಕಂಡು ಬರೆಯುವುದು ಅವರ ಕೆಲಸ. ಬೆಳೆದದ್ದರಲ್ಲಿ ಅರ್ಧವನ್ನು ಒಡೆಯನಿಗೆ ಅಳೆದುಕೊಟ್ಟು, ಉಳಿದರ್ಧದಲ್ಲಿ ಬೀಜ ಗೊಬ್ಬರಗಳ ಸಾಲವನ್ನೂ ತೀರಿಸಿ, ವರ್ಷದ ಕೊನೆಗೆ ಬರಿಗೈಯಾಗುವ ಪಾಲುಗಾರಿಕೆಯ ಲೆಕ್ಕವನ್ನು ನಮ್ಮ ಹಳ್ಳಿಗಳನ್ನು ಬಲ್ಲ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರೂ ಮೂರು ಕುಟುಂಬಗಳ ಬದುಕನ್ನು ವಾರಗಟ್ಟಲೆ ಹತ್ತಿರದಿಂದ ನೋಡಿದರು. ಏಜೀ ಅವರ ಮನೆಯಲ್ಲಿಯೇ ತಂಗಿದ. ಆದರೆ ಬರೆದು ತಂದ ಲೇಖನವನ್ನು ಫಾರ್ಚೂನ್ ಪ್ರಕಟಿಸಲಿಲ್ಲ. ಅದೇ ಸಾಮಗ್ರಿ ಬೆಳೆದು 1941ರಲ್ಲಿ ಪುಸ್ತಕವಾಗಿ ಬಂದಾಗ ಕೊಂಡವರು ಕೆಲವೇ ನೂರು ಮಂದಿ. ಈಗ ಅದು ಅಮೆರಿಕದ ಶ್ರೇಷ್ಠ ಗ್ರಂಥಗಳಲ್ಲಿ ಒಂದೆಂದು ಹೆಸರಾಗಿದೆ. ತಿರಸ್ಕೃತವಾದ ಮೂಲ ಲೇಖನವಂತೂ ಅಚ್ಚು ಕಂಡದ್ದು 2013ರಲ್ಲಿ, ಎಪ್ಪತ್ತೇಳು ವರ್ಷಗಳ ಮೇಲೆ. ಒಂದು ಡಾಲರಿನ ಪತ್ರಿಕೆಯಲ್ಲಿ ಹತ್ತಿಗಿರಣಿಗೆ ಜಾಗವಿರಬಹುದಿತ್ತು. ಹತ್ತಿ ಬಿಡಿಸಿದ ಬೆರಳುಗಳಿಗೆ ಸಿಕ್ಕಲಿಲ್ಲ.

ಮತ್ತೆ ನಾಸ್ಟನ ಕಡೆಗೆ ಬರೋಣ. ತನ್ನ ಪತ್ರಿಕೆ ತೋರಿಸಿದಂತೆಯೇ ಬದುಕಬೇಕೆಂದು ಆತನ ಬಯಕೆ. 1925ರಲ್ಲಿ ನ್ಯೂಯಾರ್ಕಿನ 1040, ಪಾರ್ಕ್ ಅವೆನ್ಯೂ ಎಂಬಲ್ಲಿ ಮೂವತ್ತು ಕೋಣೆಗಳ ಮಹಡಿಮನೆಗೆ ಹೋದ. ಅಲ್ಲಿ ನಡೆದ ಔತಣಗಳು ಪ್ರಸಿದ್ಧವಾದವು. ಹಳೆಯ ಮನೆತನದವರು, ನಟರು, ಲೇಖಕರು, ಸಂಗೀತಗಾರರು ಎಲ್ಲರೂ ಅಲ್ಲಿ ಕಲೆತರು. ಆತಿಥೇಯ ಮಾತ್ರ ಹೆಚ್ಚು ಮಾತಿಲ್ಲದವನು. 1929ರ ಷೇರುಪೇಟೆಯ ಕುಸಿತದಲ್ಲಿ ಆತನ ಸ್ವಂತ ಆಸ್ತಿಯೆಲ್ಲ ಹೋಯಿತು. ಕಂಪನಿಯ ಹತೋಟಿಯೂ ಕೈತಪ್ಪಿತು. 1934ರಲ್ಲಿ ಇಂಗ್ಲೆಂಡಿನ ಪತ್ರಿಕೋದ್ಯಮಿ ಲಾರ್ಡ್ ಕ್ಯಾಮ್‌ರೋಸ್ ಹಣ ಹಾಕಿ ಅದನ್ನು ಉಳಿಸಿದ. ನಾಸ್ಟನ ಇನ್ನೊಂದು ಪ್ರೀತಿಯ ಪತ್ರಿಕೆ 'ವ್ಯಾನಿಟಿ ಫೇರ್' 1936ರಲ್ಲಿ ವೋಗ್‌ನಲ್ಲಿ ಲೀನವಾಯಿತು. ಮತ್ತೆ ಹುಟ್ಟಿದ್ದು 1983ರಲ್ಲಿ. ಇಷ್ಟಾದರೂ ನಾಸ್ಟ್ ಆ ಮನೆಯನ್ನೂ ಔತಣಗಳನ್ನೂ ಬಿಡಲಿಲ್ಲ. ಹೊರಗೆ ಎಲ್ಲವೂ ಮೊದಲಿನಂತೆಯೇ ಕಾಣಬೇಕು. 1942ರ ಸೆಪ್ಟೆಂಬರಿನಲ್ಲಿ ಆತ ತೀರಿಕೊಂಡಾಗ ಉಳಿದದ್ದು ಭಾರಿ ಸಾಲ. ಮದುವೆಗೆಂದು ಸಾಲ ಮಾಡಿ ಊರಿಗೆಲ್ಲ ಹೋಳಿಗೆ ಬಡಿಸಿದ ಗೃಹಸ್ಥರನ್ನು ನಾವು ಕಂಡಿದ್ದೇವೆ. ಅವರಿಗೂ ಈತನಿಗೂ ಇರುವ ಅಂತರ ಕೋಣೆಗಳ ಸಂಖ್ಯೆಯಲ್ಲಿ ಮಾತ್ರ.

ಈ ಪತ್ರಿಕೆಗಳನ್ನು ಬರಿಯ ಥಳಕೆಂದು ತಳ್ಳಿಹಾಕುವುದೂ ನ್ಯಾಯವಲ್ಲ. 1927ರಲ್ಲಿ ವೋಗ್ ಮುಖಪುಟದ ಸುಂದರಿಯಾಗಿದ್ದ ಲೀ ಮಿಲ್ಲರ್ ಮುಂದೆ ತಾನೇ ಛಾಯಾಚಿತ್ರಗಾರ್ತಿಯಾಗಿ, ಎರಡನೆಯ ಮಹಾಯುದ್ಧದಲ್ಲಿ ಅದೇ ಪತ್ರಿಕೆಯ ವರದಿಗಾರ್ತಿಯಾಗಿ ರಣರಂಗಕ್ಕೆ ಹೋದಳು. 1945ರ ಏಪ್ರಿಲಿನಲ್ಲಿ ಬುಕೆನ್‌ವಾಲ್ಡ್, ಡಕಾವ್ ಎಂಬ ನಾಟ್ಸಿ ಬಂದೀಖಾನೆಗಳಲ್ಲಿ ಆಕೆ ಕಂಡದ್ದನ್ನು ಅಮೆರಿಕದ ವೋಗ್ ಆ ವರ್ಷದ ಜೂನ್ ಸಂಚಿಕೆಯಲ್ಲಿ ಅಚ್ಚುಮಾಡಿತು. ಟೋಪಿ, ಕೈಚೀಲಗಳ ಪುಟಗಳ ನಡುವೆ ಹೆಣಗಳ ರಾಶಿ. ನುಣುಪು ಕಾಗದ ನಿಜವನ್ನು ಹೊರಲಾರದೆಂದೇನೂ ಅಲ್ಲ. ಸಂಪಾದಕರು ಮನಸ್ಸು ಮಾಡಬೇಕು, ಅಷ್ಟೆ.

ನಮ್ಮ ದೇಶವೂ ಈ ಪುಟಗಳಲ್ಲಿ ಬಹುಕಾಲದಿಂದ ಕಾಣಿಸಿಕೊಂಡಿದೆ, ಹೆಚ್ಚಾಗಿ ಹಿನ್ನೆಲೆಯಾಗಿ. 1956ರಲ್ಲಿ ಬ್ರಿಟಿಷ್ ವೋಗ್ ಪತ್ರಿಕೆಗಾಗಿ ನಾರ್ಮನ್ ಪಾರ್ಕಿನ್‌ಸನ್ ಇಲ್ಲಿಗೆ ಬಂದು ತೆಗೆದ ಒಂದು ಚಿತ್ರ ಜಗತ್ಪ್ರಸಿದ್ಧ: ಜೈಪುರದ ಅರಮನೆ, ಸಿಂಗರಿಸಿದ ಆನೆ, ಅದರ ಮುಂದೆ ಗುಲಾಬಿ ಬಣ್ಣದ ಕೋಟು ತೊಟ್ಟ ವಿದೇಶಿ ತರುಣಿ. ಕೋಟು ಮಾರಾಟಕ್ಕೆ, ಆನೆಯೂ ಅರಮನೆಯೂ ಅದಕ್ಕೆ ಮೆರುಗು. ಐವತ್ತೊಂದು ವರ್ಷ ಕಳೆದು, 2007ರಲ್ಲಿ ವೋಗ್ ಪತ್ರಿಕೆಯ ಭಾರತೀಯ ಆವೃತ್ತಿಯೇ ಆರಂಭವಾಯಿತು. ಇಲ್ಲಿಯೂ ಬಂಗಾರದ ಮೊನೆಯ ಸೂಜಿಗಳು ಸಾಕಷ್ಟು ಇವೆಯೆಂದು ಅದರ ಅರ್ಥ.

ಮರುವರ್ಷ, 2008ರ ಆಗಸ್ಟ್ ಸಂಚಿಕೆಯಲ್ಲಿ ಆ ಪತ್ರಿಕೆ ಬಡ ಹಳ್ಳಿಗರ ಕೈಯಲ್ಲಿ ಬೆಲೆಬಾಳುವ ವಸ್ತುಗಳನ್ನು ಕೊಟ್ಟು ತೆಗೆದ ಚಿತ್ರಗಳನ್ನು ಪ್ರಕಟಿಸಿತು. ಮುಂಭಾಗದ ಹಲ್ಲುಗಳಿಲ್ಲದ ಮುದುಕಿಯೊಬ್ಬಳು ಮಗುವನ್ನೆತ್ತಿಕೊಂಡಿದ್ದಾಳೆ. ಮಗುವಿನ ಕೊರಳಿಗೆ ಸುಮಾರು ನೂರು ಡಾಲರಿನ ಜೊಲ್ಲುಬಟ್ಟೆ. ಬರಿಗಾಲಿನ ಮನುಷ್ಯನೊಬ್ಬನ ಕೈಯಲ್ಲಿ ಇನ್ನೂರು ಡಾಲರಿನ ಕೊಡೆ. ಮೋಟಾರು ಸೈಕಲಿನ ಮೇಲೆ ಮೂವರ ಸಂಸಾರ. ತಾಯಿಯ ಮುಂಗೈಯಲ್ಲಿ ಹತ್ತು ಸಾವಿರ ಡಾಲರಿಗೂ ಮಿಕ್ಕಿದ ಚೀಲ. ವಿಶ್ವಬ್ಯಾಂಕಿನ ಅಂದಾಜಿನಂತೆ, 2005ರಲ್ಲಿ ನಮ್ಮ ದೇಶದ 45 ಕೋಟಿ 60 ಲಕ್ಷ ಜನ ದಿನಕ್ಕೆ ಒಂದೂಕಾಲು ಡಾಲರಿಗಿಂತ ಕಡಮೆಯಲ್ಲಿ ಜೀವಿಸುತ್ತಿದ್ದರು. ಇದೆಲ್ಲ ಪತ್ರಿಕೆಗಳಲ್ಲಿ ಚರ್ಚೆಗೆ ಬಂತು. ಫ್ಯಾಷನ್ ಇನ್ನು ಶ್ರೀಮಂತರ ಸ್ವತ್ತಷ್ಟೇ ಅಲ್ಲ, ಯಾರು ತೊಟ್ಟರೂ ಅದು ಚೆನ್ನಾಗಿ ಕಾಣುತ್ತದೆ, ಇದನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಡಿ ಎಂಬುದು ಸಂಪಾದಕಿಯ ಉತ್ತರ.

ಆ ಚಿತ್ರಗಳು ಅಂದವಾಗಿಯೇ ಇದ್ದಿರಬಹುದು. ಅದು ನಮ್ಮ ತಕರಾರಲ್ಲ. ಆಗ ಒಬ್ಬ ಪತ್ರಕರ್ತೆ ಎತ್ತಿ ತೋರಿಸಿದ ಚಿಕ್ಕದೊಂದು ಸಂಗತಿ ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ. ಚಿತ್ರಗಳ ಕೆಳಗೆ ಕೊಡೆಯ ಹೆಸರಿತ್ತು, ಚೀಲದ ಹೆಸರಿತ್ತು, ಜೊಲ್ಲುಬಟ್ಟೆ ತಯಾರಿಸಿದವರ ಹೆಸರಿತ್ತು. ಅವುಗಳನ್ನು ಹಿಡಿದವರ ಹೆಸರಿರಲಿಲ್ಲ. ಒಬ್ಬ ಹೆಂಗಸು, ಒಬ್ಬ ಗಂಡಸು ಎಂದಷ್ಟೇ ಇತ್ತು. 1892ರಲ್ಲಿ ಮೆಕ್‌ಅಲಿಸ್ಟರ್ ಹೆಸರುಗಳ ಪಟ್ಟಿಯಿಂದ ಆರಂಭಿಸಿದ ಕೆಲಸ ಇದೇ ಅಲ್ಲವೆ? ಯಾರಿಗೆ ಹೆಸರುಂಟು, ಯಾರಿಗಿಲ್ಲ ಎಂದು ತೀರ್ಮಾನಿಸುವುದು.

ಆದ್ದರಿಂದ ಇಂಥ ಪತ್ರಿಕೆ ಇನ್ನೊಮ್ಮೆ ಕೈಗೆ ಬಂದಾಗ ಅದನ್ನು ಮುಚ್ಚಿಡಿ ಎಂದು ನಾನು ಹೇಳುವುದಿಲ್ಲ. ಚೆಲುವಾದದ್ದನ್ನು ನೋಡಿ ಸಂತೋಷಪಡುವುದು ತಪ್ಪಲ್ಲ. ಗೊಂಬೆ ಹಬ್ಬದಲ್ಲಿ ಅಂಬಾರಿಯ ಗೊಂಬೆಯನ್ನು ಕೂರಿಸುವವರೆಲ್ಲ ಅಂಬಾರಿಯೇರುವ ಆಸೆಯಿಂದ ಕೂರಿಸುವುದಿಲ್ಲ. ನಿಧಾನವಾಗಿ ನೋಡಿ. ಆ ಹೊಳೆಯುವ ನೆಲವನ್ನು ಬೆಳಗ್ಗೆ ಒರೆಸಿದವರು ಯಾರಿರಬಹುದು, ಈ ಪುಟಕ್ಕೆ ಹಣ ಕೊಟ್ಟವರು ಯಾರು, ಅವರು ನನ್ನಲ್ಲಿ ಏನನ್ನು ನೆಚ್ಚಿ ಕೊಟ್ಟರು ಎಂದು ಕೇಳಿಕೊಳ್ಳಿ. ಆಮೇಲೆ ಮನೆಗೆ ಬಂದು, ಹಾಸಿಗೆಯ ಸುರುಳಿಯೂ ಮಕ್ಕಳ ಪುಸ್ತಕಗಳೂ ತುಂಬಿದ ನಿಮ್ಮ ಕೋಣೆಯನ್ನೂ ಒಮ್ಮೆ ಅಷ್ಟೇ ನಿಧಾನವಾಗಿ ನೋಡಿ. ಅಲ್ಲಿರುವ ಒಂದೊಂದು ವಸ್ತುವಿನ ಬೆಲೆಯೂ ನಿಮಗೆ ಗೊತ್ತು. ಅದಕ್ಕಾಗಿ ದುಡಿದವರ ಹೆಸರೂ ಗೊತ್ತು.